ಮಸಿಯ ಉಂಗುರ

ಟ್ರಿಗರನ್ನು ಒತ್ತಿ ಹಿಡಿದು, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟನ್ನು ಪೂರ್ತಿ ಹೊರಗೆಳೆದಾಗ ರೈಫಲ್ಲು ಒಮ್ಮೆಲೇ ಹಗುರಾಯಿತು. ಅವಳು ಬೋಲ್ಟನ್ನು ಮೇಜಿನ ಮೇಲೆ ಹಾಸಿದ್ದ ಹಳೆಯ ಟವೆಲಿನ ಮೇಲೆ ಮಲಗಿಸಿದಳು. ಕಿರುಬೆರಳ ತುದಿಯನ್ನು ತೋಟಾ ಕೂರುವ ಚೇಂಬರಿನ ಬಾಯಿಗಿಟ್ಟು ಒಳಗೆ ಏನೂ ಇಲ್ಲವೆಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ನಳಿಗೆಯನ್ನು ಕಿಟಕಿಯ ಕಡೆಗೆ ತಿರುಗಿಸಿ ಹಿಂದಿನಿಂದ ಕಣ್ಣಿಟ್ಟಳು. ದೂರದಲ್ಲಿ, ಬಾವಿಯ ತಳಕ್ಕೆ ಬಿದ್ದ ಆಕಾಶದ ಹಾಗೆ, ಒಂದು ಪುಟ್ಟ ಬೆಳಕಿನ ಬಿಲ್ಲೆ. ಅದರ ಸುತ್ತ ನಳಿಗೆಯ ಗೆರೆಗಳು ಸುರುಳಿ ಸುತ್ತುತ್ತ ಒಳಗೊಳಗೇ ಹೋಗಿದ್ದವು. ನೋಡುತ್ತ ನೋಡುತ್ತ ಗೆರೆಗಳು ತಿರುಗುತ್ತಿವೆಯೋ ತಾನೇ ತಿರುಗುತ್ತಿದ್ದೇನೋ ತಿಳಿಯದಂತಾಗಿ ಕಣ್ಣು ತೆಗೆದಳು.

ಶೂಟಿಂಗ್ ಕ್ಲಬ್ಬಿನ ಆ ಹಿಂದಿನ ಕೋಣೆಗೆ ಅವಳು ವಾರದ ನಡುವಿನ ಮಧ್ಯಾಹ್ನದಲ್ಲಿ ಬಂದದ್ದು ಇದೇ ಮೊದಲು. ಮುಚ್ಚಿಹೋದ ಸಾಬೂನು ಕಾರ್ಖಾನೆಯ ಜಾಗ ಅದು. ಬಿಸಿಲೇರಿದರೆ ಗೋಡೆಗಳು ಈಗಲೂ ತೆಳ್ಳಗೆ ಸಾಬೂನಿನ ವಾಸನೆ ಬಿಡುತ್ತಿದ್ದವು. ಎಷ್ಟೋ ವರ್ಷದ ಹಿಂದೆ ಯಾರೋ ಸ್ನಾನ ಮುಗಿಸಿ ಈಗಷ್ಟೇ ಆಚೆಗೆ ಹೋದಂತೆ. ಅವಳು ಹಲ್ಲಿನ ಡಾಕ್ಟರು. ಕ್ಲಿನಿಕ್ ಇದ್ದ ಕಟ್ಟಡದ ಪಂಪು ಬೆಳಿಗ್ಗೆ ಸುಟ್ಟುಹೋಗಿತ್ತು. ನೀರಿಲ್ಲದೆ ಹಲ್ಲಿನ ಕೆಲಸ ಆಗುವುದಿಲ್ಲವಾದ್ದರಿಂದ ಕಾದು ಕೂತಿದ್ದವರನ್ನೆಲ್ಲ ಕ್ಷಮೆ ಕೇಳಿ ಕಳಿಸಿ, ಮನೆಗೆ ಹೋಗಲು ಮನಸ್ಸಾಗದೆ ಇಲ್ಲಿಗೆ ಬಂದಿದ್ದಳು.

ಭಾನುವಾರ ತಂಡದ ಆಯ್ಕೆ ಇತ್ತು. ಈ ಸಲ ಆಗದಿದ್ದರೆ ಮುಂದೆ ತನ್ನ ವಯಸ್ಸಿಗೆ ಇದು ಸಾಕು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಆದರೆ ಅವಳನ್ನು ತಿನ್ನುತ್ತಿದ್ದದ್ದು ಆಯ್ಕೆಯ ಚಿಂತೆಯಲ್ಲ. ಕೆಲವು ವಾರಗಳಿಂದ ರೈಫಲ್ಲು ಅವಳ ಮಾತು ಕೇಳುತ್ತಿರಲಿಲ್ಲ. ಹೊಸ ತೋಟಾ ಒಳಗೆ ತಳ್ಳಿದರೆ ಕೊನೆಯಲ್ಲಿ ಏನೋ ತಡೆದಂತಾಗುತ್ತಿತ್ತು. ಬೋಲ್ಟ್ ಮುಚ್ಚಲು ಅಂಗೈ ಕೊಟ್ಟು ಒತ್ತಬೇಕಾಗುತ್ತಿತ್ತು. ಗುಂಡು ಹಾರಿದ ಮೇಲೆ ಖಾಲಿ ತೋಟಾ ಹೊರಗೆ ಬರಲು ಒಲ್ಲೆನೆನ್ನುತ್ತಿತ್ತು. ಅಷ್ಟು ಬಲ ಹಾಕಿದ ಮೇಲೆ ಗುರಿ ಹಿಡಿದರೆ ಕೈ ನಡುಗುತ್ತಿತ್ತು. ಅವಳಿಗೆ ರೈಫಲ್ಲಿನ ಮೇಲೆ ಅನುಮಾನ ಬರಲಿಲ್ಲ; ತನ್ನ ಮೇಲೆ ಬಂತು. ಅವಳ ತಾಯಿಗೆ ಇದೇ ವಯಸ್ಸಿನಲ್ಲಿ ಕೈ ನಡುಗಲು ಶುರುವಾಗಿತ್ತು. ಮೊದಲು ಸೂಜಿಗೆ ದಾರ ಪೋಣಿಸುವಾಗ, ಆಮೇಲೆ ಲೋಟ ಹಿಡಿದಾಗ. ಕೊನೆಕೊನೆಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೂ ಇನ್ನೊಬ್ಬರು ಬೇಕಾಗಿತ್ತು.

ಕ್ಲಿನಿಕ್ಕಿನಲ್ಲಿ ಅವಳು ಮೊಣಕೈಯನ್ನು ಪಕ್ಕೆಗೊತ್ತಿ ಕೆಲಸ ಮಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಬೇರಿನ ಚಿಕಿತ್ಸೆ ಬೇಕಾದವರನ್ನು ಏನಾದರೂ ನೆಪ ಹೇಳಿ ಬೇರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದಳು. ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎನ್ನಿಸುತ್ತಿತ್ತು.

ಬಟ್ಟೆಯ ತುಂಡಿಗೆ ಮಸಿ ಕರಗಿಸುವ ದ್ರವ ಹಚ್ಚಿ, ಕಡ್ಡಿಗೆ ಸಿಕ್ಕಿಸಿ, ಹಿಂದಿನಿಂದ ಒಳಗೆ ಆಡಿಸಿ ತೆಗೆದು, ಮಸಿ ನೆನೆಯಲೆಂದು ಬಿಟ್ಟಳು. ಅಷ್ಟರಲ್ಲಿ ಬೋಲ್ಟಿನ ಕೆಲಸ. ಇಂಥ ರೈಫಲ್ಲಿನ ತೋಟಾಕ್ಕೆ ನಡುವೆ ಬಡಿದರೆ ಪ್ರಯೋಜನವಿಲ್ಲ. ಸಿಡಿಯುವ ಮದ್ದು ಇರುವುದು ಬುಡದ ಅಂಚಿನ ಮಡಿಕೆಯಲ್ಲಿ, ಬೋಲ್ಟಿನೊಳಗಿನ ಪಿನ್ನು ಅಲ್ಲಿಗೇ ಬಡಿಯಬೇಕು. ಗುಂಡಿಗೆ ಸವರಿದ ಮೇಣ ಕರಗಿ, ಹೊಗೆಯೊಡನೆ ಬೆರೆತು, ಬೋಲ್ಟಿನ ಮುಖಕ್ಕೆಲ್ಲ ಕಪ್ಪು ಜೇಡಿಯಂತೆ ಮೆತ್ತಿಕೊಂಡಿತ್ತು. ಖಾಲಿ ತೋಟಾವನ್ನು ಹಿಡಿದೆಳೆಯುವ ಪುಟ್ಟ ಕೊಕ್ಕೆಯ ಹಿಂದೆ ಅವಳು ಹಲ್ಲುಜ್ಜುವ ಬ್ರಶ್ಶು ಆಡಿಸಿದಳು. ಕೊಕ್ಕೆಗೂ ದವಡೆಹಲ್ಲಿಗೂ ಏನೂ ವ್ಯತ್ಯಾಸವಿಲ್ಲ, ಎರಡರ ಹಿಂದೆಯೂ ಯಾರೂ ಬ್ರಶ್ಶು ಹಾಕುವುದಿಲ್ಲ ಎಂದು ಹಿಂದೊಮ್ಮೆ ಕ್ಲಬ್ಬಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು. ಈಗ ನಗು ಬರಲಿಲ್ಲ.

ನಳಿಗೆಗೆ ಅವಳು ಪ್ರತಿ ಸಲವೂ ಬಟ್ಟೆ ಎಳೆಯುತ್ತಿದ್ದಳು. ಚೇಂಬರನ್ನು ಮಾತ್ರ ಹೀಗೆ ಕೂತು ನೋಡಿ ಎಷ್ಟೋ ಕಾಲವಾಗಿತ್ತು. ಕೈಚೀಲದಲ್ಲಿ ಕ್ಲಿನಿಕ್ಕಿನ ಬಾಯಿ ನೋಡುವ ಕನ್ನಡಿ ಇತ್ತು. ಅದನ್ನು ಮೇಲಿನ ಕಿಂಡಿಯಿಂದ ಇಳಿಸಿ, ಓರೆ ಮಾಡಿ, ಟಾರ್ಚು ಬಿಟ್ಟಳು. ಕನ್ನಡಿಯೊಳಗೆ ಚೇಂಬರು ದುಂಡಗೆ ಬಾಯಿ ತೆರೆದು ನಿಂತಿತು. ನುಣ್ಣನೆಯ ಉಕ್ಕು. ಅದರ ಒಳಗೆ, ತೋಟಾದ ಕೊಳವೆ ಎಲ್ಲಿಯವರೆಗೆ ಚಾಚಬೇಕೋ ಅದಕ್ಕಿಂತ ಈಚೆಗೇ, ಒಂದು ಕಪ್ಪು ಉಂಗುರ.

ಮರದ ಕಡ್ಡಿಯಿಂದ ಮುಟ್ಟಿ ನೋಡಿದಳು. ಗೀರಲ್ಲ. ಕಲೆಯೂ ಅಲ್ಲ. ಹಲ್ಲಿನ ಬುಡದ ಗಾರೆಯಂತೆ ಗಟ್ಟಿಯಾಗಿ ಕೂತ ಮಸಿ.

ಅದು ಏನೆಂದು ಅವಳಿಗೆ ಗೊತ್ತಿತ್ತು. ಹೊಸದಾಗಿ ಕಲಿಯಲು ಬಂದಾಗ ಅವಳಿಗೂ ಗಿಡ್ಡ ತೋಟಾಗಳನ್ನೇ ಕೊಟ್ಟಿದ್ದರು. ಸದ್ದು ಕಡಿಮೆ, ಭುಜಕ್ಕೆ ತಳ್ಳುವುದೂ ಕಡಿಮೆ. ಆದರೆ ಗಿಡ್ಡ ತೋಟಾ ಚೇಂಬರನ್ನು ಪೂರ್ತಿ ತುಂಬುವುದಿಲ್ಲ. ಅದರ ಮುಂದೆ ಉಳಿದ ಜಾಗದಲ್ಲಿ ಮಸಿಯೂ ಸೀಸವೂ ಸೇರಿ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದನೆಯ ತೋಟಾ ಹಾಕಿದರೆ ಅದು ಆ ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ. ಅವಳು ಗಿಡ್ಡ ತೋಟಾ ಬಿಟ್ಟು ವರ್ಷಗಳೇ ಆಗಿದ್ದವು.

ಅವಳು ಬಲಗೈಯನ್ನು ಕಿಟಕಿಯ ಬೆಳಕಿಗೆ ಚಾಚಿದಳು. ಬೆರಳುಗಳು ಅಲುಗದೆ ನಿಂತವು. ಬಿಸಿಲಿನಲ್ಲಿ ತೇಲುತ್ತಿದ್ದ ಧೂಳು ಬೆರಳ ಸಂದಿಯಲ್ಲಿ ಹಾದು ಹೋಯಿತು. ಕೆಟ್ಟದ್ದು ಕೈಯಲ್ಲ. ಆಮೇಲೆ ಸಿಟ್ಟು ಬಂತು.

ಜಗಲಿಯಲ್ಲಿ ಮೇಜರ್ ಗುರಿಹಲಗೆಗಳಿಗೆ ಕಾಗದ ಅಂಟಿಸುತ್ತ ಕೂತಿದ್ದರು. ಕ್ಲಬ್ಬು ನೋಡಿಕೊಳ್ಳುವವರು ಅವರೇ. ಮೀಸೆಯೊಂದನ್ನು ಬಿಟ್ಟರೆ ಅವರಿಗೂ ಸೈನ್ಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಹೆಸರು ಅಂಟಿಕೊಂಡಿತ್ತು.

"ಮೇಜರೇ, ನನ್ನ ರೈಫಲ್ಲಲ್ಲಿ ಗಿಡ್ಡ ತೋಟಾ ಹೊಡೆದವರು ಯಾರು?"

ಮೇಜರ್ ಅಂಟಿನ ಬ್ರಶ್ಶನ್ನು ಕೆಳಗಿಟ್ಟರು. "ಏನು ಡಾಕ್ಟರೇ, ಇವತ್ತು ಕ್ಲಿನಿಕ್ಕಿಗೆ ರಜಾನಾ?"

"ಕೇಳಿದ್ದಕ್ಕೆ ಹೇಳಿ."

"ಅದು ಒಂಥರಾ ನೋಡಿದ್ರೆ..."

"ಒಂಥರಾ, ಎರಡು ಥರಾ ಎಲ್ಲ ಬೇಡ. ರೈಫಲ್ ಪೆಟ್ಟಿಗೆಯ ಬೀಗದ ಕೈ ನಿಮ್ಮ ಹತ್ರ ಇರತ್ತೆ. ನಿಮಗೆ ಗೊತ್ತಿಲ್ಲದೆ ಯಾರೂ ಮುಟ್ಟೋಕಾಗಲ್ಲ."

ಮೇಜರ್ ಮೀಸೆ ಸವರಿಕೊಂಡರು; ಬೆರಳಿನ ಅಂಟು ಮೀಸೆಗೆ ಹತ್ತಿತು. "ಗೊತ್ತು. ತಪ್ಪು ನಂದೇ. ಪ್ರತಿ ಸಲ ನಳಿಗೆಗೆ ಬಟ್ಟೆ ಎಳೆದಿದ್ದೆ. ಚೇಂಬರಿಗೆ ಬ್ರಶ್ಶು ಹಾಕೋಣ, ನಾಳೆ ಹಾಕೋಣ ಅಂತ ಸೋಮಾರಿತನ ಮಾಡಿದೆ. ಆದ್ರೆ ಯಾರು ಅನ್ನೋದು ನನ್ನ ಬಾಯಿಂದ ಬೇಡ. ಅವರೇ ಹೇಳ್ತೀನಿ ಅಂದಿದ್ರು. ಸ್ವಲ್ಪ ಕೂತಿರಿ, ಬರೋ ಹೊತ್ತಾಯ್ತು."

"ಯಾರು ಬರೋ ಹೊತ್ತು?"

ಉತ್ತರಕ್ಕೆ ಕಾಯಬೇಕಾಗಲಿಲ್ಲ. ಗೇಟಿನ ಅಗುಳಿ ಸದ್ದಾಯಿತು. ಬಿಸಿಲಿಗೆ ಬೆಳ್ಳಗಾಗಿದ್ದ ಕಾಲುದಾರಿಯಲ್ಲಿ ಕೊಡೆ ಹಿಡಿದ ಒಬ್ಬರು, ಯಾವ ಅವಸರವೂ ಇಲ್ಲದೆ, ಒಂದೊಂದೇ ಹೆಜ್ಜೆ ಆರಿಸಿಕೊಂಡವರಂತೆ ನಡೆದು ಬಂದರು. ಅವಳ ಅತ್ತೆ.

ಅತ್ತೆ ಬುಧವಾರದ ಮಧ್ಯಾಹ್ನ ಮಂಡಿಯ ವ್ಯಾಯಾಮಕ್ಕೆ ಹೋಗುತ್ತಾರೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂಜೆ ಮಗ "ಅಮ್ಮ, ಮಂಡಿ ಹೇಗಿದೆ?" ಎಂದರೆ "ಪರವಾಗಿಲ್ಲ, ಸ್ವಲ್ಪ ಸಲೀಸಾಗಿದೆ" ಎನ್ನುತ್ತಿದ್ದರು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಬೋರ್ಡಿಗೆ ವಯರು ಸಿಕ್ಕಿಸಿ ಕರೆ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಮನೆಯಲ್ಲಿ ಮಾತು ಕಡಿಮೆ. ಅತ್ತೆ ಸೊಸೆಯರ ನಡುವೆ ಒಂದು ದಿನವೂ ಜಗಳವಾಗಿರಲಿಲ್ಲ, ಸಲಿಗೆಯೂ ಬೆಳೆದಿರಲಿಲ್ಲ. ಒಂದೇ ಬಾಡಿಗೆ ಮನೆಯ ಎರಡು ಭಾಗದಲ್ಲಿರುವ ಸಭ್ಯಸ್ಥರ ಹಾಗೆ ಇದ್ದರು.

ಜಗಲಿಯ ನೆರಳಿಗೆ ಬಂದು ಕೊಡೆ ಮಡಚಿದ ಮೇಲೆಯೇ ಅತ್ತೆ ಸೊಸೆಯನ್ನು ನೋಡಿದ್ದು.

"ಕ್ಲಿನಿಕ್ ಇಲ್ವಾ?" ಎಂದರು.

"ಮಂಡಿ ವ್ಯಾಯಾಮ ಇಲ್ವಾ?" ಎಂದಳು ಅವಳು.

ಮೇಜರ್ ಅಂಟಿನ ಡಬ್ಬ ಎತ್ತಿಕೊಂಡು, ಅಲ್ಲಿ ಯಾವ ಕೆಲಸವೂ ಇಲ್ಲದ ಹಿತ್ತಲ ಕಡೆಗೆ ಹೊರಟುಹೋದರು.

ಹಿಂದಿನ ಕೋಣೆಯಲ್ಲಿ, ಬಿಚ್ಚಿಟ್ಟ ರೈಫಲ್ಲಿನ ಎರಡೂ ಕಡೆ ಇಬ್ಬರೂ ಕೂತರು. ಅತ್ತೆ ಟವೆಲಿನ ಮೇಲಿದ್ದ ಬೋಲ್ಟನ್ನು, ಪರಿಚಯದವರನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಕಂಡವರಂತೆ ನೋಡಿದರು.

"ಏನಾಗಿದೆ ಇದಕ್ಕೆ?"

ಅವಳು ಕನ್ನಡಿ ಹಿಡಿದು ತೋರಿಸಿದಳು. ಗಿಡ್ಡ ತೋಟಾದಿಂದ ಏನಾಗುತ್ತದೆಂದು, ರೋಗಿಗಳಿಗೆ ಹೇಳುವ ಅದೇ ಸಮಾಧಾನದ ದನಿಯಲ್ಲಿ, ಒಂದೊಂದಾಗಿ ಹೇಳಿದಳು. ಹೇಳುತ್ತ ಹೇಳುತ್ತ ಸಮಾಧಾನ ಕೈಬಿಟ್ಟಿತು.

"ಕ್ಲಬ್ಬಿನ ರೈಫಲ್ಲು ಅಷ್ಟೊಂದಿವೆ. ನಂದೇ ಯಾಕೆ ಬೇಕಿತ್ತು ಅತ್ತೆ ನಿಮಗೆ?"

"ಅವೆಲ್ಲ ನನಗೆ ಉದ್ದ ಆಗ್ತವೆ. ಕೆನ್ನೆಗೆ ಸರಿಯಾಗಿ ಕೂರಲ್ಲ." ಅತ್ತೆ ಸಂಕೋಚದಿಂದ ಕೊಡೆಯ ಹಿಡಿ ತಿರುಗಿಸಿದರು. "ನಿಂದು ನನ್ನ ಅಳತೆಗೆ ಮಾಡಿಸಿದ ಹಾಗಿದೆ. ನಾವಿಬ್ಬರೂ ಒಂದೇ ಎತ್ತರ, ನೀನು ನೋಡಿಲ್ವಾ?"

ಅವಳು ನೋಡಿರಲಿಲ್ಲ. ಇಷ್ಟು ವರ್ಷ ಒಂದೇ ಬಾಗಿಲಲ್ಲಿ ಓಡಾಡಿಯೂ ನೋಡಿರಲಿಲ್ಲ.

"ಒಂದು ಸಲ ನೀನು ಕನ್ನಡಕ ಮನೇಲೇ ಮರೆತು ಬಂದಿದ್ದೆ," ಎಂದರು ಅತ್ತೆ. "ನೀನು ಇಲ್ಲಿರಬಹುದು ಅಂತ ತಗೊಂಡು ಬಂದೆ. ನೀನು ಆಗಲೇ ಹೋಗಿಬಿಟ್ಟಿದ್ದೆ. ಮೇಜರು, ಬಂದಿದ್ದೀರಲ್ಲ ಅಮ್ಮ, ನಿಮ್ಮ ಸೊಸೆ ಏನು ಮಾಡ್ತಾರೆ ನೋಡಿ ಅಂತ ಕಿವಿಗೆ ಅದನ್ನ ಹಾಕಿದ್ರು, ಆ ಸದ್ದು ತಡೆಯೋದು. ಮೊದಲು ನಾನು ಹೆದರಿದೆ. ಕಿವಿಗೆ ಏನಾದ್ರೂ ಹಾಕ್ಕೊಂಡ್ರೆ ನನಗೆ ಆಗಲ್ಲ."

"ಯಾಕೆ?"

"ಅವರೆಲ್ಲ ಇನ್ನೂ ಇದ್ದಾರೆ."

ಅತ್ತೆ ಕಿಟಕಿಯ ಕಡೆ ನೋಡುತ್ತ, ಬೇರೆ ಯಾರದೋ ಸುದ್ದಿ ಹೇಳುವವರಂತೆ ಮುಂದುವರಿಸಿದರು.

"ಕೆಲಸ ಬಿಟ್ಟು ಎಷ್ಟು ಕಾಲ ಆಯ್ತು. ನನಗೆ ಮಾತ್ರ ಲೈನು ಕಟ್ಟಾಗಿಲ್ಲ. ಪಾತ್ರೆ ತೊಳೀತಿದ್ರೆ ಹಲೋ ಹಲೋ ಅಂತಾರೆ. ಒಬ್ಬ ಯಾವಾಗಲೂ, ಬೇಗ ಕೊಡಿ ಮೇಡಂ, ಅರ್ಜೆಂಟು ಅಂತಾನೆ. ಒಬ್ಬಳು ಬರೀ ಅಳ್ತಾಳೆ, ನಂಬರೇ ಹೇಳಲ್ಲ. ಎಲ್ಲರನ್ನೂ ಕೇಳಿಸಿಕೊಳ್ತೀನಿ. ಯಾರಿಗೂ ಲೈನು ಕೊಡೋಕಾಗಲ್ಲ. ಬೋರ್ಡೇ ಇಲ್ವಲ್ಲ ನನ್ನ ಮುಂದೆ."

"ಡಾಕ್ಟರಿಗೆ ತೋರಿಸಬೇಕಿತ್ತು ಅತ್ತೆ."

"ಡಾಕ್ಟರು ಮನೇಲೇ ಇದ್ದಾಳೆ. ಆದ್ರೆ ಹಲ್ಲಿಂದು." ಅತ್ತೆಯ ತುಟಿಯಂಚಿನಲ್ಲಿ ನಗುವಿನಂಥದ್ದೇನೋ ಸುಳಿಯಿತು. "ಆಮೇಲೆ ಕೈಗೆ ಇದನ್ನ ಕೊಟ್ರು. ಉಸಿರು ಅರ್ಧ ಬಿಟ್ಟು ನಿಲ್ಲಿಸಿ ಅಂದ್ರು. ಗುಂಡು ಹಾರೋಕೆ ಮೊದಲು ಒಂದು ಚೂರು ಹೊತ್ತು ಇರತ್ತಲ್ಲ, ಬೆರಳು ಒತ್ತಿಯೂ ಇರಲ್ಲ, ಬಿಟ್ಟೂ ಇರಲ್ಲ... ಆಗ ಎಲ್ಲರೂ ಫೋನ್ ಇಟ್ಟುಬಿಡ್ತಾರೆ."

ಹೊರಗೆ ಹಿತ್ತಲಲ್ಲಿ ಮೇಜರ್ ಕೆಮ್ಮಿದರು. ಗೋಡೆಯ ಸಾಬೂನಿನ ವಾಸನೆ ಬಿಸಿಲಿಗೆ ಇನ್ನೂ ದಟ್ಟವಾಗಿತ್ತು.

ಅವಳು ಬೈಯಲೆಂದು ಕೂಡಿಟ್ಟುಕೊಂಡಿದ್ದ ಮಾತುಗಳನ್ನು ಹುಡುಕಿದಳು. ಅವು ಇದ್ದವು, ಆದರೆ ಬಾಯಿಗೆ ಬಂದದ್ದು ಬೇರೆಯೇ. "ನನ್ನ ಕೈ ಹೋಯ್ತು ಅಂದ್ಕೊಂಡಿದ್ದೆ ಅತ್ತೆ. ನಮ್ಮಮ್ಮನ ಹಾಗೆ. ರೋಗಿಗಳನ್ನ ಬೇರೆ ಕಡೆ ಕಳಿಸ್ತಿದ್ದೆ. ಕ್ಲಿನಿಕ್ ಮಾರಿಬಿಡೋಣ ಅಂತ ಒಂದು ದಿನ ಬಸ್ಸಲ್ಲಿ ಕೂತು ಯೋಚನೆ ಮಾಡಿದೆ. ಈ ಉಂಗುರ ನನಗೆ ಗೊತ್ತಿರಲಿಲ್ಲ."

ಅತ್ತೆಯ ಮುಖದ ಬಣ್ಣ ಇಳಿಯಿತು. ಕೊಡೆ ಜಾರಿ ನೆಲಕ್ಕೆ ಬಿತ್ತು; ಎತ್ತಿಕೊಳ್ಳಲಿಲ್ಲ. ಮೇಜಿನ ಮೇಲಿಂದ ಕೈ ಚಾಚಿ ಸೊಸೆಯ ಬಲಗೈಯನ್ನು ಹಿಡಿದು, ಅಂಗೈ ಮೇಲೆ ಮಾಡಿ, ಕೆಳಗೆ ಮಾಡಿ, ಬೆರಳು ಬೆರಳನ್ನೂ ನೋಡಿದರು. ಆ ಕೈಗೆ ಎಣ್ಣೆಯೂ ಮಸಿಯೂ ಹತ್ತಿತ್ತು. ಈಗ ಅದು ಅತ್ತೆಯ ಕೈಗೂ ಹತ್ತಿತು.

"ನನಗೆ ಒಂದು ಮಾತು ಹೇಳೋದಲ್ವಾ?"

"ನೀವು ನನಗೆ ಹೇಳಿದ್ರಾ?"

"ಇಲ್ಲ," ಎಂದರು ಅತ್ತೆ.

ಕಿಟಕಿಯ ಬಿಸಿಲು ಟವೆಲಿನ ಅಂಚಿಗೆ ಬಂದು, ಬೋಲ್ಟಿನ ಮೇಲೇರಿ, ಅದನ್ನು ಬೆಳ್ಳಿಯ ಮೀನಿನಂತೆ ಹೊಳೆಸಿತು. ಕೊನೆಗೆ ಅತ್ತೆಯೇ ಅಂದರು, "ಹೇಗೆ ತೆಗೀಬೇಕು ಇದನ್ನ, ಹೇಳಿಕೊಡು. ಕಟ್ಟಿದವಳು ನಾನು. ನಾನೇ ಬಿಡಿಸ್ತೀನಿ."

ಅವಳು ಹಿತ್ತಾಳೆ ತಂತಿಯ ಗಿಡ್ಡ ಬ್ರಶ್ಶನ್ನು ಕಡ್ಡಿಗೆ ಸಿಕ್ಕಿಸಿ ಕೊಟ್ಟಳು. "ಹಿಂದಿನಿಂದ ಬಿಡಿ. ತಳ್ಳಬೇಡಿ, ತಿರುಗಿಸಿ. ಒಂದೇ ಕಡೆಗೆ. ಉಂಗುರ ಸಿಕ್ಕಿದಾಗ ನಿಮಗೇ ಗೊತ್ತಾಗತ್ತೆ."

ಗೊತ್ತಾಯಿತು. ಒಂದು ಕಾಲದಲ್ಲಿ ಕಣ್ಣು ಬೇರೆಲ್ಲೋ ಇದ್ದರೂ ಸರಿಯಾದ ತೂತಿಗೇ ವಯರು ಸಿಕ್ಕಿಸುತ್ತಿದ್ದ ಬೆರಳುಗಳು ಅವು. ಅತ್ತೆ ಕಣ್ಣು ಮುಚ್ಚಿಕೊಂಡು ತಿರುಗಿಸಿದರು. ಒಳಗಿನಿಂದ ಸಣ್ಣಗೆ ಕರಕರ ಎನ್ನುವ ಸದ್ದು ಬಂತು. ಅವಳು ಬಟ್ಟೆ ಕತ್ತರಿಸಿ ಕೊಡುತ್ತ ಹೋದಳು. ಮೊದಲಿನದು ಕಾಡಿಗೆಯಂತೆ ಬಂತು. ಮತ್ತೆ ದ್ರವ, ಮತ್ತೆ ಬ್ರಶ್ಶು, ಮತ್ತೆ ಬಟ್ಟೆ. ಒಂದು ತುಂಡಿನ ಮೇಲೆ ಬಾಗಿದ ಕಪ್ಪು ಚಕ್ಕೆಯೊಂದು ಹಾಗೇ ಬಂದಾಗ ಅತ್ತೆ ಅದನ್ನು ಬೆರಳ ತುದಿಗೆ ತೆಗೆದುಕೊಂಡು ನೋಡಿ, "ಇಷ್ಟೇನಾ?" ಎಂದರು.

"ಇಷ್ಟೇ."

"ಇಷ್ಟಕ್ಕೆ ಎಷ್ಟು ಕಷ್ಟಪಟ್ಟೆಯಲ್ಲ."

ಕೊನೆಯ ಬಟ್ಟೆ ಬಿಳಿಯಾಗಿಯೇ ಹೊರಗೆ ಬಂತು. ಚೇಂಬರಿನಲ್ಲಿ ಎಣ್ಣೆಯ ಹನಿಯೂ ಉಳಿಯಬಾರದೆಂದು ಅವಳು ಇನ್ನೊಂದು ಒಣಬಟ್ಟೆ ಹಾಕಿಸಿದಳು. ಬೋಲ್ಟಿಗೆ ಮಾತ್ರ, ಉಜ್ಜುವ ಜಾಗದಲ್ಲಿ, ಬೆರಳಿಂದ ತೆಳ್ಳಗೆ ಎಣ್ಣೆ ಸವರಿ ಒಳಗೆ ಜಾರಿಸಿದಳು. ಅತ್ತೆ ಅಭ್ಯಾಸಬಲದಿಂದ ಟ್ರಿಗರಿಗೆ ಬೆರಳು ತಂದಾಗ ತಡೆದಳು.

"ಖಾಲಿ ಇದ್ದಾಗ ಹೊಡೀಬೇಡಿ ಅತ್ತೆ. ತೋಟಾದ ಅಂಚು ಇಲ್ಲದಿದ್ರೆ ಪಿನ್ನು ಚೇಂಬರಿನ ಅಂಚಿಗೇ ಬಡಿಯತ್ತೆ. ಅದು ನಗ್ಗಿದರೆ ಉಜ್ಜಿ ಸರಿ ಮಾಡೋಕಾಗಲ್ಲ."

ಅತ್ತೆ ಬೆರಳು ತೆಗೆದು, "ಆಯ್ತು ಡಾಕ್ಟರೇ" ಎಂದರು.

ಅವಳು ಗುಂಡು ಹಾರಿಸುವ ಸಾಲಿಗೆ ಹೋಗಿ ಬೋರಲು ಮಲಗಿ ಉದ್ದನೆಯ ತೋಟಾ ಹಾಕಿದಳು. ಅದು ತನ್ನ ಮನೆಗೆ ತಾನೇ ಹೋದಂತೆ ಹೋಯಿತು. ಗುಂಡು ಹಾರಿತು, ಬೋಲ್ಟು ಎಳೆದರೆ ಖಾಲಿ ತೋಟಾ ಟಣ್ಣೆಂದು ಸಿಮೆಂಟಿನ ಮೇಲೆ ಹಾರಿಬಿತ್ತು. ಹಿತ್ತಲಿಂದ ಮೇಜರ್ ಇಣುಕಿ, ಇಬ್ಬರ ಮುಖವನ್ನೂ ನೋಡಿ, ಮೀಸೆಗೆ ಕಾಗದದ ಚೂರು ಅಂಟಿಸಿಕೊಂಡೇ ಒಳಗೆ ಬಂದರು.

ಆ ಸಂಜೆ ಮನೆಯಲ್ಲಿ ಅವಳ ಗಂಡ ಎಂದಿನಂತೆ, "ಅಮ್ಮ, ಮಂಡಿ ಹೇಗಿದೆ?" ಎಂದ. ಅತ್ತೆ ಬಾಯಿ ತೆರೆಯುವ ಮೊದಲೇ ಅವಳು, "ಚೆನ್ನಾಗಿದೆ. ನಾನೂ ಇವತ್ತು ಜೊತೆಗೆ ಹೋಗಿದ್ದೆ" ಎಂದಳು. ಅವನು ಪತ್ರಿಕೆ ಕೆಳಗಿಳಿಸಿ ಇಬ್ಬರನ್ನೂ ನೋಡಿ, ಏನೂ ಅರ್ಥವಾಗದೆ, ಮತ್ತೆ ಪತ್ರಿಕೆ ಮೇಲೆತ್ತಿಕೊಂಡ. ಮರುದಿನ ಕ್ಲಿನಿಕ್ಕಿನಲ್ಲಿ ಬೇರಿನ ಚಿಕಿತ್ಸೆಗೆ ಬಂದವನೊಬ್ಬನನ್ನು ಅವಳು ಎಲ್ಲಿಗೂ ಕಳಿಸಲಿಲ್ಲ. ಮೊಣಕೈ ಪಕ್ಕೆಗೊತ್ತಿಕೊಳ್ಳುವುದು ಅವಳಿಗೆ ಮರೆತೇಹೋಗಿತ್ತೆಂದು ನೆನಪಾದದ್ದು ಕೆಲಸ ಮುಗಿದ ಮೇಲೆ.

ಭಾನುವಾರ ಅತ್ತೆಯೂ ಬಂದರು. ಹಿಂದಿನ ಬೆಂಚಿನಲ್ಲಿ, ಕಿವಿಗೆ ಆ ದಪ್ಪ ಮುಚ್ಚಳಗಳನ್ನು ಹಾಕಿಕೊಂಡು, ನೆಟ್ಟಗೆ ಕೂತರು. ಅವಳು ಮಲಗಿ, ಮೊದಲ ತೋಟಾ ಹಾಕಿ, ಕೆನ್ನೆಯಿಟ್ಟು, ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿದಳು. ಇಷ್ಟು ವರ್ಷದಲ್ಲಿ ಆ ಕ್ಷಣವನ್ನು ಅವಳು ಬೇಗ ದಾಟಬೇಕಾದ ಹೊಸ್ತಿಲಿನಂತೆ ದಾಟಿದ್ದಳು. ಈಗ ಅಲ್ಲಿ ನಿಂತು ನೋಡಿದಳು. ಪಕ್ಕದ ಸಾಲಿನ ಸದ್ದುಗಳು ಹತ್ತಿಯಲ್ಲಿ ಸುತ್ತಿಟ್ಟಂತೆ ದೂರ ಹೋದವು. ಗುರಿಯ ಕಪ್ಪು ಚುಕ್ಕೆ ನಳಿಗೆಯ ಮೇಲಿನ ಗುರಿಕಿಂಡಿಯ ಉಂಗುರದ ನಡುವೆ ಬಂದು, ನೀರಿನ ಮೇಲಿನ ಎಲೆಯಂತೆ ತೇಲಿ, ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಅವಳೂ ಅಷ್ಟಾಗಿ ಇರಲಿಲ್ಲ. ಗುಂಡು ಹಾರಿದ್ದು ಆಮೇಲೆ, ತಾನಾಗಿ.

ಹಾಗೆಯೇ ಎರಡನೆಯದು. ಹಾಗೆಯೇ ಆಮೇಲಿನವು. ಬೋಲ್ಟು ರೇಷ್ಮೆಯಂತೆ ಜಾರುತ್ತಿತ್ತು. ಕೈ ಅವಳದೇ ಆಗಿತ್ತು. ಡಬ್ಬಿಯಲ್ಲಿ ಇನ್ನೂ ತೋಟಾಗಳು ಸಾಲಾಗಿ ನಿಂತಿದ್ದಾಗಲೇ ಶಿಳ್ಳೆ ಕೇಳಿಸಿತು. ಎಲ್ಲವನ್ನೂ ಹಾರಿಸಿ ಮುಗಿಸಲು ಕೊಟ್ಟಿದ್ದ ಹೊತ್ತು ಮುಗಿದಿತ್ತು.

ಅವಳು ಹಾರಿಸಿದ ಗುಂಡುಗಳಷ್ಟೂ ನಡುವಿನಲ್ಲೇ ಬಿದ್ದಿದ್ದವು; ಹಾರಿಸದೆ ಉಳಿದವಕ್ಕೆ ಯಾರೂ ಅಂಕ ಕೊಡುವುದಿಲ್ಲ. ಪಕ್ಕದ ಸಾಲಿನ, ಜಡೆಗೆ ಹಸಿರು ರಬ್ಬರು ಹಾಕಿದ ಹುಡುಗಿ ಆಯ್ಕೆಯಾದಳು. ಮೇಜರ್ ತಲೆ ಕೆರೆದುಕೊಳ್ಳುತ್ತ, "ಗಡಿಯಾರ ನೋಡೋದೇ ಮರೆತ್ರಾ ಡಾಕ್ಟರೇ? ನಿಮಗೆ ಹೀಗೆ ಯಾವತ್ತೂ ಆಗಿರಲಿಲ್ಲ" ಎಂದರು. ಅವಳು ಹುಡುಗಿಯ ಕೈಕುಲುಕಿ ಬಂದು, ರೈಫಲ್ಲನ್ನು ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿಡಲು ಮೇಜರಿಗೆ ಕೊಟ್ಟಳು. ಎದೆಯಲ್ಲಿ ಒಂದು ಕಡೆ ನೋವಿತ್ತು. ಆದರೆ ಅದು ತನ್ನದೇ ಎನ್ನಿಸುವಂಥ, ಯಾವ ಸಂಶಯವೂ ಇಲ್ಲದ ನೋವು.

ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಇಬ್ಬರೂ ಕೂತರು. ಸಂಜೆಯ ಬಿಸಿಲು ರಸ್ತೆಯ ಆಚೆಬದಿಯ ಮುಚ್ಚಿದ ಅಂಗಡಿಗಳ ಬಾಗಿಲಿಗೆ ಬಿದ್ದಿತ್ತು.

"ಮಲಗಿದಾಗ ಏನು ಯೋಚನೆ ಮಾಡ್ತಿದ್ದೆ ಅಷ್ಟು ಹೊತ್ತು?" ಎಂದರು ಅತ್ತೆ.

"ಏನೂ ಇಲ್ಲ ಅತ್ತೆ."

"ಏನೂ ಇಲ್ವಾ?"

"ಏನೂ ಇರಲಿಲ್ಲ."

ಅತ್ತೆ ಅವಳನ್ನು ಒಂದು ಸಲ ತಿರುಗಿ ನೋಡಿ, "ಹಾಗಾದ್ರೆ ಚೆನ್ನಾಗಿತ್ತು" ಎಂದು ಬೆಂಚಿಗೊರಗಿದರು. ಸ್ವಲ್ಪ ಹೊತ್ತಿನಲ್ಲಿ ಅವರ ತಲೆ ಮೆಲ್ಲಗೆ ಓಲಿ, ಒಮ್ಮೆ ಎಚ್ಚೆತ್ತು ನೆಟ್ಟಗಾಗಿ, ಮತ್ತೆ ಓಲಿ, ಸೊಸೆಯ ಭುಜಕ್ಕೆ ಬಂದು ನಿಂತಿತು. ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ಒಂದೇ ಸಮನೆ ಬರುತ್ತಿತ್ತು.

ಅವರ ನಂಬರಿನ ಬಸ್ಸು ಬಂತು. ಮುಂದೆ ನಿಂತು ಬಾಗಿಲು ತೆರೆಯಿತು. ಡ್ರೈವರು ಇವರತ್ತ ನೋಡಿದ. ಅವಳು ಭುಜ ಅಲುಗದಂತೆ, ಕಣ್ಣಿನಲ್ಲೇ, ಬೇಡ ಎಂದಳು. ಬಸ್ಸು ಬಾಗಿಲು ಮುಚ್ಚಿಕೊಂಡು ಹೊರಟುಹೋಯಿತು. ಅದು ಎಬ್ಬಿಸಿದ ಧೂಳು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಹೊಂಬಣ್ಣವಾಗಿ ನಿಂತು, ನಿಧಾನವಾಗಿ ರಸ್ತೆಗೆ ಇಳಿಯಿತು.